ಜೀನ್ ಎಲ್ಲಾ ಕೋಶದಲ್ಲೂ ಇದೆ, ಕಿಣ್ವ ಮಾತ್ರ ಕೆಲವು ಕಡೆ ಯಾಕೆ?

ಓದುಗರ ಪ್ರಶ್ನೆ: ನಮ್ಮ ಜೀವಕೋಶಗಳಲ್ಲೆಲ್ಲಾ ಇರೋದು ಒಂದೇ ಡಿಎನ್‌ಎ ಅಲ್ವಾ? ಹಾಗಿದ್ದರೆ ರಕ್ತದ ಹೆಪ್ಪು ಕರಗಿಸುವ ಕಿಣ್ವವನ್ನು ಕೆಲವು ಕೋಶಗಳು ಮಾತ್ರ ಯಾಕೆ ತಯಾರಿಸುತ್ತವೆ?

ಉತ್ತರ: ಹೆಪ್ಪನ್ನು ಹಿಡಿದಿಡುವುದು ಫೈಬ್ರಿನ್ ಎಳೆಗಳ ಬಲೆ. ಅದನ್ನು ಕತ್ತರಿಸುವ ಕಿಣ್ವ ಪ್ಲಾಸ್ಮಿನ್. ಲಿವರ್ ಇದನ್ನು ಪ್ಲಾಸ್ಮಿನೋಜೆನ್ ಎಂಬ ಕೆಲಸ ಮಾಡದ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಅದನ್ನು ಚುರುಕುಗೊಳಿಸುವುದು ಟಿಪಿಎ ಮತ್ತು ಯುಪಿಎ ಎಂಬ ಇನ್ನೆರಡು ಕಿಣ್ವಗಳು. ಟಿಪಿಎ ಜೀನ್ 8ನೇ ಕ್ರೋಮೋಸೋಮ್‌ನಲ್ಲಿದೆ, ಯುಪಿಎ ಜೀನ್ 10ನೇದರಲ್ಲಿ. ರಕ್ತನಾಳದ ಒಳಪದರದ ಕೋಶಗಳು ಟಿಪಿಎ ಮಾಡುತ್ತವೆ. ಯುಪಿಎ ಮೂತ್ರಪಿಂಡದ ನಾಳಗಳಲ್ಲಿ, ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳಲ್ಲಿ ಜಾಸ್ತಿ.

ಡಿಎನ್‌ಎ ಒಂದೇ ಆದರೂ, ಯಾವ ಜೀನ್ ಅನ್ನು ಓದಲಾಗುತ್ತದೆ ಎಂಬುದು ಕೋಶದಿಂದ ಕೋಶಕ್ಕೆ ಬೇರೆ. ಡಿಎನ್‌ಎ ಹಿಸ್ಟೋನ್ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾಗಿದ್ದರೆ ಜೀನ್ ಓದುವ ಪ್ರೋಟೀನ್‌ಗಳಿಗೆ ಒಳಗೆ ಹೋಗಲು ಜಾಗವೇ ಇಲ್ಲ. ಹಿಸ್ಟೋನ್ ಮೇಲೆ ಅಸಿಟೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ತುಣುಕು ಅಂಟಿದರೆ ಸುತ್ತು ಸಡಿಲವಾಗುತ್ತದೆ. ಆ ಗುಂಪನ್ನು ಕಿತ್ತುಹಾಕದಂತೆ ತಡೆಯುವ ವಾಲ್‌ಪ್ರೋಯಿಕ್ ಆಮ್ಲವನ್ನು ರಕ್ತನಾಳದ ಕೋಶಗಳಿಗೆ ಹಾಕಿದರೆ, ಅವು ಇನ್ನೂ ಹೆಚ್ಚು ಟಿಪಿಎ ಮಾಡುತ್ತವೆ. ಟಿಪಿಎ ಜೀನ್ ಶುರುವಾಗುವ ಜಾಗದಿಂದ ಸುಮಾರು 7,000 ಡಿಎನ್‌ಎ ಅಕ್ಷರ ದೂರದಲ್ಲಿ ಒಂದು ನಿಯಂತ್ರಣ ತಾಣವೂ ಇದೆ. ವಿಟಮಿನ್ ಎ ಇಂದ ಆಗುವ ರೆಟಿನೋಯಿಕ್ ಆಮ್ಲ ಅಲ್ಲಿಂದಲೇ ಟಿಪಿಎ ಹೆಚ್ಚಿಸುತ್ತದೆ.

ನನಗೆ ಬಹಳ ಇಷ್ಟವಾಗುವುದು ಇಲಿಯ ಅಂಡಾಣುವಿನ ಕಥೆ. ಅಲ್ಲಿ ಟಿಪಿಎ ಜೀನ್‌ನ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಬಳಸುವ ಜೀನ್‌ನ ನಕಲು) ಮೊದಲೇ ಸಿದ್ಧವಾಗಿ ಕೂತಿರುತ್ತದೆ, ಆದರೆ ಪ್ರೋಟೀನ್ ಆಗುವುದಿಲ್ಲ. ಕಾರಣ, ಅದರ ತುದಿಯ 'ಎ' ಅಕ್ಷರಗಳ ಬಾಲ ತುಂಬಾ ಗಿಡ್ಡ. ಅಂಡಾಣು ಪಕ್ವವಾಗತೊಡಗಿದಾಗ ಬಾಲ ಉದ್ದವಾಗುತ್ತದೆ, ಆಗ ಟಿಪಿಎ ತಯಾರಾಗುತ್ತದೆ. ಅಂದರೆ ಜೀನ್ ಓದಿದ ಮೇಲೂ ತಡೆ ಇರಬಹುದು!

ಹೆಪ್ಪಿಗೂ ಟಿಪಿಎಗೂ ಮಾತ್ರ ನಂಟು ಅಂದುಕೊಳ್ಳಬೇಡಿ. ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ಚಟುವಟಿಕೆ ಜೋರಾದಾಗ ಇದೇ ಜೀನ್ ಬೇಗನೆ ಚುರುಕಾಗುತ್ತದೆ.

ಈ ತಿಳಿವಳಿಕೆಯಿಂದ ಔಷಧವೂ ಬಂದಿದೆ. ಮೆಲನೋಮಾ ಎಂಬ ಕ್ಯಾನ್ಸರ್‌ನ ಕೋಶಗಳು ಟಿಪಿಎಯನ್ನು ಹೇರಳವಾಗಿ ಮಾಡುತ್ತಿದ್ದವು. ಅವುಗಳ ಎಂಆರ್‌ಎನ್‌ಎ ಇಂದಲೇ 1983ರಲ್ಲಿ ಟಿಪಿಎ ಜೀನ್ ಅನ್ನು ಕ್ಲೋನ್ ಮಾಡಲಾಯಿತು. ಸ್ಟ್ರೋಕ್ ಮತ್ತು ಹೃದಯಾಘಾತಕ್ಕೆ ಔಷಧವಾಗಿ ಕೊಡುವ ಟಿಪಿಎ, ಅಂದರೆ ಆಲ್ಟೆಪ್ಲೇಸ್, ಈಗ ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಲ್ಲಿ ತಯಾರಾಗುತ್ತದೆ. ಮನುಷ್ಯರ ಟಿಪಿಎ ಸಂಕೇತದ ಮುಂದೆ ಬೇರೊಂದು ಬಲವಾದ ಪ್ರೊಮೋಟರ್ (ಜೀನ್ ಓದುವುದನ್ನು ಶುರುಮಾಡಿಸುವ ಡಿಎನ್‌ಎ ತುಣುಕು) ಜೋಡಿಸಿದರೆ, ಆ ಕೋಶಗಳೂ ಟಿಪಿಎ ಮಾಡಿಕೊಡುತ್ತವೆ.