ಗೀರಿನೊಳಗೆ ಕುಳಿತ ಕುಣಿತ

ನನ್ನ ತಮ್ಮನ ಮಗ ತನ್ನ ಎರಡು ರೆಕಾರ್ಡ್ ಪ್ಲೇಯರುಗಳ ಅಡಿಗೆ ಇಟ್ಟಿರುವುದು ಎರಡು ಮುರಕಲ್ಲುಗಳನ್ನು, ಎಂದರೆ ಗೋಡೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲುಗಳನ್ನು. ಬದಿಯಡ್ಕದ ನಮ್ಮ ಮನೆಯ ದನದ ಕೊಟ್ಟಿಗೆಯನ್ನು ಕೆಡವಿದಾಗ ಉಳಿದ ಆ ಕಲ್ಲುಗಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಅಡಿಯಲ್ಲಿ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಕೊಟ್ಟು ಮೇಜಿನ ಮೇಲೆ ಕೂರಿಸಿದ್ದಾನೆ. ಮೊದಲ ದಿನ ನಾನು ಕಾರಣ ಕೇಳಿದಾಗ ಅವನು ಹೇಳಿದ್ದು ಇಷ್ಟೇ: “ದೊಡ್ಡಪ್ಪ, ಸ್ಪೀಕರಿನ ಶಬ್ದ ಸೂಜಿಗೆ ಹಿಂದಕ್ಕೆ ಬರಬಾರದಲ್ಲವೇ?” ಮೂವತ್ತು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದ ನನಗೆ ಆ ಒಂದು ಮಾತಿನಲ್ಲಿ ಜಡತ್ವವೂ ಅನುರಣನವೂ ಒಟ್ಟಿಗೆ ಕೇಳಿಸಿದವು. ಸಭೆಗಳಲ್ಲಿ ಮೈಕು ತನ್ನದೇ ಸ್ಪೀಕರಿನ ಶಬ್ದವನ್ನು ಹಿಡಿದು ಕೂಗಿಕೊಳ್ಳುವುದನ್ನು ನಾವೆಲ್ಲ ಕೇಳಿದ್ದೇವೆ. ರೆಕಾರ್ಡಿನ ಸೂಜಿಯೂ ಒಂದು ಬಗೆಯ ಮೈಕೇ ಆಗಿದೆ. ಸ್ಪೀಕರಿನ ಮಂದ್ರ ಧ್ವನಿ ನೆಲವನ್ನೂ ನೆಲವು ಮೇಜನ್ನೂ ಅಲುಗಿಸಿದರೆ ಸೂಜಿ ಆ ಅಲುಗಾಟವನ್ನು ಸಂಗೀತವೆಂದೇ ತಿಳಿದು ಮತ್ತೆ ಸ್ಪೀಕರಿಗೆ ಕಳುಹಿಸುತ್ತದೆ. ಭಾರವಾದ ಕಲ್ಲು ಸುಲಭವಾಗಿ ಅಲುಗುವುದಿಲ್ಲ, ಅಲುಗಿದ ಅಷ್ಟಿಷ್ಟನ್ನು ರಬ್ಬರು ನುಂಗಿಕೊಳ್ಳುತ್ತದೆ.

ಕಾಸರಗೋಡಿನ ಕಡೆ ಡಿಜೆ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಮದುವೆಯ ದಿಬ್ಬಣದ ಲಾರಿ, ಅದರ ತುಂಬ ಪೇರಿಸಿದ ಸ್ಪೀಕರುಗಳು. ಇವನೂ ಡಿಜೆಯೇ, ಆದರೆ ಇವನ ಕೆಲಸ ಅದಲ್ಲ. ಶಾರ್ಜಾದಲ್ಲಿ ಹತ್ತು ವರ್ಷ ದುಡಿದು ಊರಿಗೆ ಮರಳುವಾಗ ಅವನು ತಂದದ್ದು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಒಂದೊಂದಾಗಿ ಆರಿಸಿದ ರೆಕಾರ್ಡುಗಳನ್ನು. ಘಾನಾದ ಹೈಲೈಫ್, ಇಥಿಯೋಪಿಯಾದ ಕಹಳೆಗಳ ಹಾಡು, ಬ್ರೆಜಿಲಿನ ಸಾಂಬಾ, ಈಜಿಪ್ಟಿನ ಕುಣಿತದ ಸಂಗೀತ, ಬೊಂಬಾಯಿಯ ಡಿಸ್ಕೋ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಊರುಗಳ ಕುಣಿತಗಳು ಅವನ ಕಪಾಟಿನಲ್ಲಿ ಒತ್ತಾಗಿ ನಿಂತಿವೆ. ಭಾನುವಾರ ಸಂಜೆ ಕುಂಬಳೆ, ಉಪ್ಪಳ, ಪೆರ್ಲದಿಂದ ಏಳೆಂಟು ಮಂದಿ ಗೆಳೆಯರು ಮಹಡಿಯ ಮೇಲೆ ಸೇರುತ್ತಾರೆ. ಅವರ ನಡುವೆ ಕುಳಿತು ಕೇಳುತ್ತ, ನೋಡುತ್ತ ನನಗೆ ಅರ್ಥವಾದದ್ದೇನೆಂದರೆ, ಈ ಕುಣಿತದ ಸಂಗೀತದ ರೂಪವನ್ನು ಕಲಾವಿದರು ಮಾತ್ರ ತೀರ್ಮಾನಿಸಿಲ್ಲ. ಆ ಕಪ್ಪು ತಟ್ಟೆಯ ಮೇಲಿನ ಗೀರಿನ ಅಗಲ, ಆಳ ಮತ್ತು ವೇಗ ಅದರ ಬಹುಭಾಗವನ್ನು ತೀರ್ಮಾನಿಸಿವೆ.

ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಗಡಿಯಾರ ರಿಪೇರಿಯವರ ಭೂತಗನ್ನಡಿಯಿಂದ ನೋಡಿದರೆ ಒಂದು ಬದಿಯಲ್ಲಿರುವುದು ನೂರಾರು ಗೀರುಗಳಲ್ಲ, ಹೊರ ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಒಂದೇ ಗೀರು ಎಂಬುದು ತಿಳಿಯುತ್ತದೆ. 12 ಅಂಗುಲದ ಎಲ್‌ಪಿ (ಹಲವು ಹಾಡುಗಳಿರುವ ದೊಡ್ಡ ರೆಕಾರ್ಡು) ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಬದಿ 22 ನಿಮಿಷ ಹಾಡಿದರೆ ಸುಮಾರು 730 ಸುತ್ತುಗಳಾದವು. ಒಂದು ಸುತ್ತಿನ ಸರಾಸರಿ ಉದ್ದ 65 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಇಡೀ ಗೀರಿನ ಉದ್ದ ಸುಮಾರು 470 ಮೀಟರ್, ಎಂದರೆ ನಮ್ಮ ಅಂಗಳದಿಂದ ಬಸ್ಸು ನಿಲ್ಲುವ ಕಟ್ಟೆಯವರೆಗಿನ ದೂರ. ಇಷ್ಟುದ್ದದ ದಾರಿ ಅಂಗೈ ಅಗಲದ ಪಟ್ಟಿಯಲ್ಲಿ ಅಡಕವಾಗಬೇಕಾದರೆ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 0.12 ಮಿಲಿಮೀಟರಿನಷ್ಟೇ ಜಾಗ ಸಿಗುತ್ತದೆ. ಶಬ್ದದ ಅಲೆ ಈ ಗೀರಿನ ಗೋಡೆಗಳ ಬಳುಕಾಗಿ ಕೆತ್ತಲ್ಪಟ್ಟಿರುತ್ತದೆ. ಮೌನವಿದ್ದ ಕಡೆ ಗೀರು ನೇರವಾಗಿರುತ್ತದೆ, ಡೋಲಿನ ಪೆಟ್ಟು ಬಿದ್ದ ಕಡೆ ತೋಟದ ತೋಡಿನಂತೆ ಅಂಕುಡೊಂಕಾಗುತ್ತದೆ. ಎಲ್ಲಿ ಗಟ್ಟಿಯಾದ ಭಾಗ, ಎಲ್ಲಿ ಬರೀ ತಾಳವಾದ್ಯದ ಭಾಗ ಎಂಬುದನ್ನು ನಮ್ಮ ಹುಡುಗ ಕೇಳುವ ಮೊದಲೇ, ತಟ್ಟೆಯ ಮೈ ಹೊಳೆಯುವ ರೀತಿಯನ್ನು ನೋಡಿಯೇ ಹೇಳಬಲ್ಲ.

ತೊಂದರೆಯಿರುವುದು ಮಂದ್ರ ಸ್ವರಗಳಲ್ಲಿ. ಸೂಜಿಯ ಹಿಂದಿನ ಪುಟ್ಟ ಅಯಸ್ಕಾಂತ ಮತ್ತು ಸುರುಳಿ ವಿದ್ಯುತ್ತನ್ನು ಹುಟ್ಟಿಸುವುದು ಸೂಜಿ ಎಷ್ಟು ದೂರ ಸರಿಯಿತು ಎಂಬುದರಿಂದಲ್ಲ, ಎಷ್ಟು ವೇಗವಾಗಿ ಸರಿಯಿತು ಎಂಬುದರಿಂದ. ಸೆಕೆಂಡಿಗೆ 1000 ಸಲ ಕಂಪಿಸುವ ಸ್ವರದಷ್ಟೇ ವೇಗವನ್ನು ಸೆಕೆಂಡಿಗೆ 50 ಸಲ ಕಂಪಿಸುವ ಸ್ವರ ಸೂಜಿಗೆ ಕೊಡಬೇಕಾದರೆ ಅದರ ಬಳುಕು 20 ಪಟ್ಟು ಅಗಲವಾಗಬೇಕು. ಹಾಗೆಯೇ ಕೆತ್ತಿದರೆ ಒಂದು ಸುತ್ತು ಪಕ್ಕದ ಸುತ್ತಿನೊಳಕ್ಕೆ ನುಗ್ಗುತ್ತದೆ. ಆದ್ದರಿಂದ ಕೆತ್ತುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಹಿಗ್ಗಿಸುತ್ತಾರೆ. ನುಡಿಸುವಾಗ ಆಂಪ್ಲಿಫಯರು ಅದನ್ನು ಸರಿಯಾಗಿ ತಿರುಗುಮುರುಗು ಮಾಡುತ್ತದೆ. ಅಮೆರಿಕದ ಧ್ವನಿಮುದ್ರಣ ಉದ್ಯಮದ ಒಕ್ಕೂಟವಾದ ಆರ್‌ಐಎಎ 1954ರಲ್ಲಿ ಇದಕ್ಕೊಂದು ಸಮಾನ ಅಳತೆಯನ್ನು ಗೊತ್ತುಪಡಿಸಿತು, ಮುಂದೆ ಜಗತ್ತಿನ ಬಹುಪಾಲು ಕಂಪನಿಗಳು ಅದನ್ನೇ ಅನುಸರಿಸಿದವು. ಆ ಅಳತೆಯ ಪ್ರಕಾರ 20 ಹರ್ಟ್ಸಿನ, ಎಂದರೆ ಸೆಕೆಂಡಿಗೆ 20 ಸಲ ಕಂಪಿಸುವ ಸ್ವರ, 1000 ಹರ್ಟ್ಸಿನ ಸ್ವರಕ್ಕೆ ಹೋಲಿಸಿದರೆ ನುಡಿಯುವಾಗ ಒಂಬತ್ತು ಪಟ್ಟು ಹಿಗ್ಗುತ್ತದೆ. ಸಂಗೀತದ ಮಂದ್ರ ಹಿಗ್ಗುವಾಗ ಮೇಜಿನ ಅಲುಗಾಟವೂ, ಮಹಡಿಯಲ್ಲಿ ಯಾರಾದರೂ ನಡೆದ ಹೆಜ್ಜೆಯ ಸದ್ದೂ ಅಷ್ಟೇ ಹಿಗ್ಗುತ್ತವೆ. ಮುರಕಲ್ಲು ಬೇಕಾದದ್ದು ಇದಕ್ಕೇ.

ಇಷ್ಟು ತಗ್ಗಿಸಿದರೂ ಮಂದ್ರಕ್ಕೆ ಜಾಗ ಬೇಕೇ ಬೇಕು. 1970ರ ದಶಕದಲ್ಲಿ ನ್ಯೂಯಾರ್ಕಿನ ಕುಣಿತದ ಮನೆಗಳಲ್ಲಿ ಈ ಕೊರತೆ ಎದ್ದು ಕಂಡಿತು. ಆಗ ಬಿಡಿ ಹಾಡುಗಳು ಬರುತ್ತಿದ್ದದ್ದು 7 ಅಂಗುಲದ ಸಣ್ಣ ತಟ್ಟೆಯಲ್ಲಿ, ಮೂರು ನಾಲ್ಕು ನಿಮಿಷಗಳಿಗೆ. ಕುಣಿಯುವವರಿಗೆ ಹಾಡು ಏಳೆಂಟು ನಿಮಿಷ ಬೇಕಿತ್ತು. ಹಾಡುಗಳನ್ನು ಉದ್ದಮಾಡಿ ಕೊಡುತ್ತಿದ್ದ ಟಾಮ್ ಮೌಲ್ಟನ್ ಎಂಬವರಿಗೆ ಒಮ್ಮೆ ಸಣ್ಣ ತಟ್ಟೆ ಸಿಗದೆ ದೊಡ್ಡ ತಟ್ಟೆಯಲ್ಲಿ ಒಂದೇ ಹಾಡನ್ನು ಕೆತ್ತಿಸಬೇಕಾಗಿ ಬಂತು. ಜಾಗ ಹೇರಳವಾಗಿದ್ದುದರಿಂದ ಸುತ್ತುಗಳನ್ನು ದೂರದೂರ ಹರಡಿ, ಬಳುಕನ್ನು ಅಗಲವಾಗಿ ಕೆತ್ತಿದಾಗ ಬಂದ ಗಟ್ಟಿತನ ಯಾರೂ ಅದುವರೆಗೆ ಕೇಳದಂಥದ್ದಾಗಿತ್ತು. 1976ರ ಹೊತ್ತಿಗೆ 12 ಅಂಗುಲದ ಬಿಡಿ ಹಾಡಿನ ತಟ್ಟೆಗಳು ಅಂಗಡಿಗೆ ಬಂದವು. ಏಳು ನಿಮಿಷದ ಹಾಡನ್ನು 45 ಸುತ್ತಿನ ವೇಗದಲ್ಲಿ ಇಡೀ ಬದಿಗೆ ಹರಡಿದರೆ ಸುತ್ತುಗಳ ನಡುವಿನ ಜಾಗ ಎಲ್‌ಪಿಗಿಂತ ಎರಡು ಪಟ್ಟಿಗೂ ಮಿಕ್ಕಿ ಸಿಗುತ್ತದೆ. ಇನ್ನೊಂದು ಕಟ್ಟಳೆಯೂ ಇದೆ. ಸ್ಟೀರಿಯೋ ರೆಕಾರ್ಡಿನಲ್ಲಿ ಎಡ ಮತ್ತು ಬಲ ಧ್ವನಿಗಳು ಗೀರಿನ ಎರಡು ಓರೆ ಗೋಡೆಗಳಲ್ಲಿರುತ್ತವೆ. ಎರಡರ ನಡುವೆ ಮಂದ್ರದಲ್ಲಿ ಹೆಚ್ಚು ವ್ಯತ್ಯಾಸವಾದರೆ ಗೀರು ಮೇಲಕ್ಕೂ ಕೆಳಕ್ಕೂ ಏರಿಳಿದು ಸೂಜಿ ಹಾರಿಬಿಡುತ್ತದೆ. ಕುಣಿತದ ರೆಕಾರ್ಡುಗಳಲ್ಲಿ ದೊಡ್ಡ ಡೋಲು ಯಾವಾಗಲೂ ನಟ್ಟನಡುವೆಯೇ ಕೇಳಿಸುವುದಕ್ಕೆ ಇದೊಂದು ಮುಖ್ಯ ಕಾರಣ.

ಒಳ ಸುತ್ತುಗಳ ಕಥೆ ಬೇರೆ. ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಸೂಜಿಯ ಅಡಿಯಲ್ಲಿ ಗೀರು ಸಾಗುವ ವೇಗ ಹೊರಗೆ ಸೆಕೆಂಡಿಗೆ ಅರ್ಧ ಮೀಟರಿನಷ್ಟಿದ್ದರೆ ಒಳಗೆ ಸುಮಾರು 21 ಸೆಂಟಿಮೀಟರಿಗೆ ಇಳಿಯುತ್ತದೆ. 10,000 ಹರ್ಟ್ಸಿನ ಒಂದು ಅಲೆ ಹೊರಗೆ 51 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಜಾಗದಲ್ಲಿ ಆರಾಮವಾಗಿ ಕುಳಿತರೆ, ಒಳಗೆ 21 ಮೈಕ್ರೋಮೀಟರಿನಲ್ಲಿ ಮುದುಡಿಕೊಳ್ಳಬೇಕು. ತುದಿ ಗುಂಡಗಿರುವ ಸಾಮಾನ್ಯ ಸೂಜಿಯಲ್ಲಿ ಆ ತುದಿಯ ತ್ರಿಜ್ಯವೇ 18 ಮೈಕ್ರೋಮೀಟರಿನಷ್ಟಿರುವಾಗ ಆ ಸಂದಿನೊಳಕ್ಕೆ ಅದು ಇಳಿಯುವುದು ಕಷ್ಟ. ಎಲ್‌ಪಿಯ ಕೊನೆಯ ಹಾಡಿನಲ್ಲಿ ತಾಳದ ಕಿಣಿಕಿಣಿ ಮಸುಕಾಗುವುದು ಇದರಿಂದಲೇ.

ಇನ್ನು ಕೈಚಳಕದ ವಿಷಯ. ನಮ್ಮ ಕಡೆಯ ಯಕ್ಷಗಾನದ ಜೋಡಾಟ ನೋಡಿದವರಿಗೆ ಡಿಜೆಯ ಮುಖ್ಯ ಕಸುಬನ್ನು ವಿವರಿಸುವುದು ಸುಲಭ. ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಒಂದೇ ಪ್ರಸಂಗ ಆಡುವಾಗ ಎರಡು ಹಿಮ್ಮೇಳಗಳ ಲಯ ಒಂದಾಗಿ ನಡೆದರೆ ಮಾತ್ರ ಆಟ ಕಳೆಗಟ್ಟುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಚೆಂಡೆಯ ಪೆಟ್ಟುಗಳು ಒಡೆದು ಕೇಳುತ್ತವೆ. ಡಿಜೆಯ ಮುಂದೆಯೂ ಎರಡು ತಟ್ಟೆಗಳಿವೆ, ಒಂದರ ಹಾಡು ಮುಗಿಯುವ ಮೊದಲೇ ಇನ್ನೊಂದರ ಹಾಡನ್ನು ಅದೇ ಲಯಕ್ಕೆ ಕೂಡಿಸಬೇಕು. ಒಂದು ನಿಮಿಷಕ್ಕೆ 120 ಪೆಟ್ಟುಗಳ ಹಾಡು, ಇನ್ನೊಂದು 121ರದ್ದು ಎಂದಿಟ್ಟುಕೊಳ್ಳೋಣ. ಒಂದೊಂದು ಪೆಟ್ಟಿಗೂ ಎರಡರ ನಡುವಿನ ಅಂತರ ಸುಮಾರು 4 ಮಿಲಿಸೆಕೆಂಡಿನಂತೆ ಬೆಳೆದು, ಏಳೆಂಟು ಪೆಟ್ಟು ಕಳೆಯುವಷ್ಟರಲ್ಲಿ 30 ಮಿಲಿಸೆಕೆಂಡಿನಷ್ಟಾಗುತ್ತದೆ. ಅಲ್ಲಿಗೆ ಒಂದು ಪೆಟ್ಟು ಎರಡಾಗಿ ಕಿವಿಗೆ ಬೀಳತೊಡಗುತ್ತದೆ. ಒಂದು ಕಿವಿಯಲ್ಲಿ ಹೆಡ್‌ಫೋನು, ಇನ್ನೊಂದು ಕಿವಿ ಕೋಣೆಗೆ, ಎಡಗೈ ತಟ್ಟೆಯ ಅಂಚಿನ ಮೇಲೆ, ಬಲಗೈ ವೇಗದ ಗುಂಡಿಯ ಮೇಲೆ ಇಟ್ಟು ನಮ್ಮ ಹುಡುಗ ಎರಡನೆಯದನ್ನು ಶೇಕಡಾ 0.8ರಷ್ಟು ನಿಧಾನಗೊಳಿಸುತ್ತಾನೆ. ಅವನ ಮುಖವನ್ನು ಆ ಹೊತ್ತಿನಲ್ಲಿ ನೋಡಿದರೆ ತಾಳಮದ್ದಳೆಯಲ್ಲಿ ಭಾಗವತರ ಕೈಯನ್ನೇ ದಿಟ್ಟಿಸುವ ಮದ್ದಳೆಗಾರರ ನೆನಪಾಗುತ್ತದೆ.

ವೇಗ ಬದಲಾದರೆ ಶ್ರುತಿಯೂ ಬದಲಾಗುತ್ತದೆ, ಏಕೆಂದರೆ ಗೀರಿನ ಬಳುಕುಗಳು ಸೂಜಿಯ ಅಡಿಯಲ್ಲಿ ಬೇಗ ಬೇಗ ಹಾದುಹೋಗುತ್ತವೆ. ವೇಗವನ್ನು ಶೇಕಡಾ 6ರಷ್ಟು ಹೆಚ್ಚಿಸಿದರೆ ಇಡೀ ಹಾಡು ಒಂದು ಸ್ವರಸ್ಥಾನ ಮೇಲೇರುತ್ತದೆ. ಭಾಗವತರ ಮಾತಿನಲ್ಲಿ ಹೇಳುವುದಾದರೆ ಬಿಳಿ ಒಂದು ಇದ್ದದ್ದು ಕಪ್ಪು ಒಂದು ಆಗುತ್ತದೆ. ಆದ್ದರಿಂದ ಲಯ ಕೂಡಿದರೆ ಸಾಲದು, ಶ್ರುತಿಯೂ ಕೂಡುವಂಥ ಜೋಡಿಯನ್ನು ಹುಡುಕಬೇಕು. ಜಪಾನಿನ ಮಾತ್ಸುಶಿತಾ ಕಂಪನಿ ಟೆಕ್ನಿಕ್ಸ್ ಹೆಸರಿನಲ್ಲಿ 1972ರಲ್ಲಿ ಹೊರತಂದ ಎಸ್‌ಎಲ್-1200 ಎಂಬ ಯಂತ್ರ ಈ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಅದಕ್ಕೆ ಬೆಲ್ಟ್ ಇಲ್ಲ, ತಟ್ಟೆ ನೇರವಾಗಿ ಮೋಟಾರಿನ ಮೇಲೆಯೇ ಕುಳಿತಿರುತ್ತದೆ. 1979ರ ಸುಧಾರಿತ ಮಾದರಿಯಲ್ಲಿ ವೇಗವನ್ನು ಸ್ಫಟಿಕದ ಕಂಪನ ಕಾಯುತ್ತದೆ, ನಿಂತ ತಟ್ಟೆ 0.7 ಸೆಕೆಂಡಿನಲ್ಲಿ ಪೂರ್ಣ ವೇಗಕ್ಕೆ ಬರುತ್ತದೆ. ತಟ್ಟೆಯ ಮೇಲೆ ತೆಳು ಬಟ್ಟೆಯ ಹಾಸು ಹಾಕಿದರೆ ಅಡಿಯಲ್ಲಿ ಮೋಟಾರು ತಿರುಗುತ್ತಲೇ ಇರುವಾಗ ಮೇಲಿನ ರೆಕಾರ್ಡನ್ನು ಬೆರಳಿನಿಂದ ತಡೆದು ಹಿಡಿದು, ಸರಿಯಾದ ಪೆಟ್ಟಿಗೆ ಬಿಟ್ಟುಬಿಡಬಹುದು.

ಅಪರೂಪದ ರೆಕಾರ್ಡು ಸಿಕ್ಕಿದವರು ಅದನ್ನು ಬಚ್ಚಿಡುವುದು ಹಳೆಯ ರೂಢಿ. 1950ರ ದಶಕದ ಜಮೈಕಾದಲ್ಲಿ ಬೀದಿ ಕುಣಿತಕ್ಕೆ ಸಂಗೀತ ನುಡಿಸುತ್ತಿದ್ದವರು ಅಮೆರಿಕದಿಂದ ತರಿಸಿದ ತಟ್ಟೆಗಳ ಹೆಸರಿನ ಚೀಟಿಯನ್ನು ಕೆರೆದು ತೆಗೆಯುತ್ತಿದ್ದರು, ಎದುರಾಳಿಗೆ ಅದು ಯಾವ ಹಾಡೆಂದು ತಿಳಿಯಬಾರದೆಂದು. ನಮ್ಮ ಹುಡುಗ ಇದಕ್ಕೆ ಪೂರಾ ವಿರುದ್ಧ. ಚೀಟಿ ಹೋಗಿದ್ದರೂ ರೆಕಾರ್ಡಿನ ಗುರುತು ಸಾಯುವುದಿಲ್ಲ. ಗೀರು ಮುಗಿದು ಚೀಟಿ ಆರಂಭವಾಗುವ ನಡುವಿನ ಖಾಲಿ ಜಾಗದಲ್ಲಿ ಕೆತ್ತಿದ ಸಂಖ್ಯೆಯಿಂದ ಅದರ ಮೂಲ ಅಚ್ಚನ್ನು ಪತ್ತೆಹಚ್ಚಬಹುದು. ಅವನು ಪ್ರತಿಯೊಂದು ತಟ್ಟೆಯ ಈ ಸಂಖ್ಯೆಯನ್ನು ಉದ್ದ ನೋಟ್ ಪುಸ್ತಕದಲ್ಲಿ ಬರೆದು, ಕೇಳಿದ ಎಲ್ಲರಿಗೂ ಅದನ್ನು ತೋರಿಸುತ್ತಾನೆ. ಇದು ಸರಿಯಾದ ದಾರಿಯೆಂದು ನನಗೂ ಅನಿಸುತ್ತದೆ. ಬಚ್ಚಿಟ್ಟ ರೆಕಾರ್ಡು ಬರೀ ಪ್ಲಾಸ್ಟಿಕ್ಕು.

ಮುಂಬಯಿಯ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅವರ ಉದಾಹರಣೆ ಇದಕ್ಕೆ ಸಾಕು. ಅವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಎಲೆಕ್ಟ್ರಾನಿಕ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ಲಯದಲ್ಲಿ ನುಡಿಸಿ ಒಂದು ಎಲ್‌ಪಿ ತಂದರು, ಅದನ್ನು ಆಗ ಹೆಚ್ಚಿನವರು ಗಮನಿಸಲಿಲ್ಲ. ಅವುಗಳಲ್ಲಿ ಟಿಬಿ-303 ಎಂಬ ಪುಟ್ಟ ಯಂತ್ರವನ್ನು ಮಾಡಿದ್ದು ಗಿಟಾರ್ ಅಭ್ಯಾಸಿಗಳಿಗೆ ಮಂದ್ರದ ಸಾಥಿಗಾಗಿ. ವ್ಯಾಪಾರ ಕುದುರದೆ 1984ರಲ್ಲಿ ಅದರ ತಯಾರಿಕೆಯೇ ನಿಂತಿತು. ಅಗ್ಗಕ್ಕೆ ಸಿಕ್ಕಿದ ಅದೇ ಯಂತ್ರದಿಂದ ಶಿಕಾಗೋದ ಯುವಕರು 1987ರಲ್ಲಿ ಆಸಿಡ್ ಹೌಸ್ ಎಂಬ ಹೊಸ ಕುಣಿತದ ಸಂಗೀತವನ್ನು ಹೊರತಂದರು. ಸಿಂಗ್ ಅವರ ರಾಗಗಳನ್ನೂ ಆಸಿಡ್ ಹೌಸನ್ನೂ ಒಂದಾದ ಮೇಲೊಂದು ಕೇಳಿದರೆ ಅಣ್ಣತಮ್ಮಂದಿರಂತೆ ಕೇಳುತ್ತವೆ. ಕಾರಣ ಯಂತ್ರದಲ್ಲಿದೆ. ಅದು ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯದೆ ಜಾರಬಲ್ಲದು. ಆ ಜಾರುವಿಕೆಯನ್ನು ಶಿಕಾಗೋದವರು ಹೊಸ ವಿಚಿತ್ರವೆಂದು ಹಿಡಿದರೆ, ಮೀಂಡ್ ಮತ್ತು ಗಮಕಗಳನ್ನು ಕೇಳಿ ಬೆಳೆದ ಕಿವಿಗೆ ಅದು ರಾಗದ ಸಹಜ ನಡೆಯೇ ಆಗಿತ್ತು. 2010ರಲ್ಲಿ ಡಚ್ ಸಂಗ್ರಾಹಕರೊಬ್ಬರು ಆ ಎಲ್‌ಪಿಯನ್ನು ಮರುಮುದ್ರಿಸಿದ ಬಳಿಕ ಚರಣ್‌ಜಿತ್ ಸಿಂಗ್ ತಮ್ಮ ಇಳಿವಯಸ್ಸಿನಲ್ಲಿ ಯುರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸಿದರು.

ಹಿಂದಿನ 78 ಸುತ್ತಿನ ತಟ್ಟೆಗಳು ಪ್ಲಾಸ್ಟಿಕ್ಕಿನವಲ್ಲ, ಅರಗಿನವು. ದುರ್ಯೋಧನ ಪಾಂಡವರಿಗೆ ಕಟ್ಟಿಸಿದ ಮನೆಯ ಅದೇ ಅರಗು: ಮರದ ಕೊಂಬೆಗಳ ಮೇಲೆ ಒಂದು ಪುಟ್ಟ ಕೀಟ ಸ್ರವಿಸುವ ಅಂಟು. ಅದಕ್ಕೆ ಕಲ್ಲಿನ ಪುಡಿ, ಮಸಿ ಬೆರೆಸಿ ಒತ್ತುತ್ತಿದ್ದರು. ಕಾಲೇಜು ದಿನಗಳಲ್ಲಿ ನನ್ನ ತಂದೆಯವರ ಒಂದು ಗ್ರಾಮಫೋನ್ ಪ್ಲೇಟಿಗೆ ಬೂಷ್ಟು ಹಿಡಿದಿದೆಯೆಂದು ನಾನು ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಹತ್ತಿ ಕಪ್ಪಾಯಿತು, ಪ್ಲೇಟು ಮಂಕಾಯಿತು, ಹಾಡು ಮತ್ತೆ ಕೇಳಲಿಲ್ಲ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ ಎಂಬುದನ್ನು ನಾನು ಕಲಿತದ್ದು ಹಾಗೆ, ತಂದೆಯವರ ಮೌನದ ಎದುರಿಗೆ. ಈಗಿನ ರೆಕಾರ್ಡುಗಳ ಪ್ಲಾಸ್ಟಿಕ್ಕಾದ ವಿನೈಲಿಗೆ ಆ ಭಯವಿಲ್ಲ. ಅದರ ಶತ್ರು ಬಿಸಿಲು. ಕಪ್ಪು ತಟ್ಟೆಯನ್ನು ಏಪ್ರಿಲಿನಲ್ಲಿ ಅಡಿಕೆ ಒಣಗುವ ಅಂಗಳದಲ್ಲಿ ಸ್ವಲ್ಪ ಹೊತ್ತು ಮರೆತರೂ ಸಾಕು, ಹಪ್ಪಳದಂತೆ ಡೊಂಕಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಬೂಷ್ಟು ಮೊದಲು ಹಿಡಿಯುವುದು ಕಾಗದದ ಹೊದಿಕೆಗೆ, ಬಳಿಕ ಬೆರಳಿನ ಎಣ್ಣೆ ಅಂಟಿದ ಕಡೆಗೆ. ಅದಕ್ಕಾಗಿ ಅವನು ವಾರಕ್ಕೊಮ್ಮೆ ಕಪಾಟು ತೆರೆದು ಫ್ಯಾನ್ ಹಾಕುತ್ತಾನೆ, ರೆಕಾರ್ಡುಗಳನ್ನು ಎಂದೂ ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿಯೇ ಇಡುತ್ತಾನೆ.

ಕಳೆದ ಆಟಿಯಲ್ಲಿ ಉಪ್ಪಳದ ಗೆಳೆಯನೊಬ್ಬ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕಿದ, ಚೀಟಿಯನ್ನು ಗೆದ್ದಲು ತಿಂದ ಅರಗಿನ ತಟ್ಟೆಯೊಂದನ್ನು ತೋರ್ತಿನಲ್ಲಿ ಸುತ್ತಿ ತಂದ. ಬಟ್ಟಿ ಇಳಿಸಿದ ನೀರಿನಿಂದ ಒರೆಸಿ, ಸಂಖ್ಯೆಯನ್ನು ಪುಸ್ತಕಕ್ಕೆ ಬರೆದುಕೊಂಡು, ಅಗಲ ಗೀರಿಗೆ ಒಪ್ಪುವ ದಪ್ಪ ಸೂಜಿ ಹಾಕಿದರು. ಯಂತ್ರದಲ್ಲಿ 78ರ ವೇಗವಿಲ್ಲದ್ದರಿಂದ 45ರಲ್ಲೇ ತಿರುಗಿಸಿ ಕಂಪ್ಯೂಟರಿಗೆ ಹಿಡಿದರು. ಮೊದಲು ಕೇಳಿದ್ದು ಬಾವಿಯೊಳಗಿನಿಂದ ಬಂದಂಥ, ಗಂಡಸಿನದೆಂದು ತೋರುವ ಎಳೆದ ದನಿ. ವೇಗವನ್ನು 1.73 ಪಟ್ಟು ಹೆಚ್ಚಿಸಿದಾಗ ಅದು ಹೆಂಗಸಿನ ದನಿಯಾಯಿತು, ಹಿಂದೆ ಹಾರ್ಮೋನಿಯಂ ಎದ್ದು ಬಂತು, ತಬಲಾದ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಿದವು. ಮೂರು ನಿಮಿಷ ಯಾರೂ ಮಾತಾಡಲಿಲ್ಲ. ಹಾಡು ಮುಗಿದ ಮೇಲೆ ಉಪ್ಪಳದ ಹುಡುಗ, ಇನ್ನೊಮ್ಮೆ ಹಾಕು, ಅಜ್ಜಿಗೆ ಫೋನಿನಲ್ಲಿ ಕೇಳಿಸುತ್ತೇನೆ ಎಂದ.