ಬಣ್ಣ ಅಂದರೆ ಬೆಳಕಿನ ಎಂಜಲು

ಜಯನಗರದ ನಮ್ಮ ರಸ್ತೆಯಲ್ಲಿ ಜಕರಂಡ ಹೂ ಬಿಟ್ಟಿತ್ತು. ಅಕ್ಕನ ಮಗಳು ಅದರ ಚಿತ್ರ ಬರೆಯಲು ಕೂತಳು. ಪಕ್ಕದಲ್ಲಿ 24 ಟ್ಯೂಬಿನ ಅಕ್ರಿಲಿಕ್ ಡಬ್ಬಿ. ಅದರಲ್ಲಿದ್ದ ನೇರಳೆ ಹೂವಿಗೆ ಹೊಂದಲಿಲ್ಲ. ಕೆಂಪಿಗೆ ನೀಲಿ ಸೇರಿದರೆ ನೇರಳೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ ಅಲ್ವಾ, ಹಾಗೇ ಕಲಸಿದಳು. ಬಂದದ್ದು ಸುಟ್ಟ ಬದನೆಕಾಯಿ ಬಣ್ಣ. ಬಿಳಿ ಹಾಕಿದರೆ ಸಿಮೆಂಟ್ ಬಣ್ಣಕ್ಕೆ ತಿರುಗಿತು. "ಮಾಮ, ಈ ಡಬ್ಬಿನೇ ಸರಿ ಇಲ್ಲ" ಎಂದಳು.

ಡಬ್ಬಿಯದ್ದೇನೂ ತಪ್ಪಿಲ್ಲ, ತಪ್ಪು ಪಾಠದ್ದು. ಕೆಂಪು, ಹಳದಿ, ನೀಲಿ ಮೂಲ ಬಣ್ಣಗಳು, ಮಿಕ್ಕಿದ್ದೆಲ್ಲ ಇವುಗಳಿಂದಲೇ ಬರುತ್ತದೆ ಅನ್ನುವುದನ್ನು ಮಗ್ಗಿ ಥರ ಬಾಯಿಪಾಠ ಮಾಡಿದ್ದೇವೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಟ್ಯೂಬಿನಲ್ಲಿರುವ ಬಣ್ಣದ ಪುಡಿ ಬೆಳಕು ಕೊಡುವುದಿಲ್ಲ, ತಿನ್ನುತ್ತದೆ. ಬಿಳಿ ಬೆಳಕನ್ನು ಬಾಳೆಲೆ ಊಟ ಅಂದುಕೊಳ್ಳಿ. ಬಡಿಸಿರುವುದು ಮೂರೇ ಐಟಂ: ಕೆಂಪು, ಹಸಿರು, ನೀಲಿ. ಪುಡಿ ತನಗೆ ಬೇಕಾದ್ದನ್ನು ತಿಂದು ಏಳುತ್ತದೆ. ಎಲೆಯಲ್ಲಿ ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಆ ಎಂಜಲನ್ನೇ ನಾವು ಬಣ್ಣ ಅನ್ನುತ್ತೇವೆ.

ಎರಡು ಬಣ್ಣ ಕಲಸಿದರೆ ಒಂದೇ ಎಲೆಗೆ ಇಬ್ಬರು ಕೂತ ಹಾಗೆ. ಡಬ್ಬಿಯ ಕೆಂಪು ಭಾರೀ ಹೊಟ್ಟೆಬಾಕ. ಹಸಿರನ್ನೂ ಬಿಡಲ್ಲ, ನೀಲಿಯನ್ನೂ ಬಿಡಲ್ಲ. ಪಕ್ಕದಲ್ಲಿ ಕೂತ ನೀಲಿ ಬಣ್ಣ ಕೆಂಪನ್ನು ನುಂಗಿ ಹಸಿರಿಗೂ ಬಾಯಿ ಹಾಕುತ್ತದೆ. ಇಬ್ಬರೂ ಎದ್ದಾಗ ಎಲೆ ಹೆಚ್ಚುಕಮ್ಮಿ ಖಾಲಿ. ಆ ಖಾಲಿ ಎಲೆಯೇ ನಮ್ಮ ಸುಟ್ಟ ಬದನೆಕಾಯಿ.

ಮಜೆಂಟಾ, ಅಂದರೆ ನೇರಳೆಗೆ ವಾಲಿದ ಕಡು ಗುಲಾಬಿ, ಹಾಗಲ್ಲ. ಅದು ಮುಖ್ಯವಾಗಿ ಹಸಿರನ್ನು ತಿಂದು ಸುಮ್ನಾಗುತ್ತದೆ. ನೀಲಿಯ ಜೊತೆ ಅದನ್ನು ಕೂರಿಸಿದರೆ ಎಲೆಯಲ್ಲಿ ನೀಲಿ ಬೆಳಕು ಉಳಿಯುತ್ತದೆ, ಚೂರು ಕೆಂಪೂ ಉಳಿಯುತ್ತದೆ. ನೇರಳೆ ಅಂದರೆ ಅದೇ. ನಿಂಬೆ ಹಳದಿ ನೀಲಿ ಬೆಳಕನ್ನು ತಿನ್ನುತ್ತದೆ, ಹಸಿರಿಗೆ ವಾಲಿದ ನೀಲಿಯಾದ ಸಯಾನ್ ಕೆಂಪನ್ನು. ಎರಡೂ ಸೇರಿದರೆ ಎಲೆಯಲ್ಲಿ ಹಸಿರು. ಊಟದ ಉದಾಹರಣೆ ಬೇಡ ಅಂದರೆ ಜರಡಿ ನೆನೆಸಿಕೊಳ್ಳಿ. ಒಂದರ ಕೆಳಗೊಂದು ಜರಡಿ ಹಿಡಿದಷ್ಟೂ ಕೆಳಗೆ ಬೀಳುವುದು ಕಮ್ಮಿ. ಜಾಸ್ತಿ ಟ್ಯೂಬ್ ಕಲಸಿದರೆ ಕೆಸರಾಗುವುದು ಇದಕ್ಕೇ.

ಹಳೆಯ ಪಾಠಕ್ಕೂ ಒಂದು ಕಾರಣ ಇದೆ. ಹದಿನೆಂಟನೇ ಶತಮಾನದ ಶುರುವಿನಲ್ಲಿ ಲೆ ಬ್ಲಾನ್ ಎಂಬ ಮುದ್ರಕ ನೀಲಿ, ಹಳದಿ, ಕೆಂಪು ಅಚ್ಚುಗಳನ್ನು ಒಂದರ ಮೇಲೊಂದು ಒತ್ತಿ ಬಣ್ಣದ ಚಿತ್ರ ತೆಗೆದ. ಆಗ ಸಿಗುತ್ತಿದ್ದ ಪುಡಿಗಳಲ್ಲಿ ಅವನು ಮಾಡಿದ್ದು ದೊಡ್ಡ ಕೆಲಸವೇ. ಆಮೇಲೆ 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಊರಿನ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಪಾತ್ರೆಯ ಒಳಗಿನ ಗಾಜಿನ ಲೇಪ ಬಿರುಕು ಬಿಟ್ಟಿತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಏನಾಗುತ್ತೆ ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಇಲ್ಲೂ ಅದೇ ಕಥೆ. ಬೆಳ್ಳಗಿರಬೇಕಿದ್ದ ಸರಕಿಗೆ ಪಾತ್ರೆಯ ಕಬ್ಬಿಣ ಸೇರಿ ಕಡುನೀಲಿ ಪುಡಿ ಕಾಣಿಸಿತು. ಕಬ್ಬಿಣದ ಜಾಗಕ್ಕೆ ತಾಮ್ರ ಬಂದು, 1935ರಲ್ಲಿ ಥ್ಯಾಲೋ ನೀಲಿ ಮಾರುಕಟ್ಟೆ ಸೇರಿತು. ಕ್ವಿನಾಕ್ರಿಡೋನ್ ಬಣ್ಣಗಳು ಬಂದದ್ದು 1958ರಲ್ಲಿ. ಬಿಸಿಲಿಗೆ ಸುಲಭವಾಗಿ ಮಾಸದ ಮಜೆಂಟಾ ಆ ಮನೆತನದ್ದೇ. ಇಷ್ಟೆಲ್ಲ ಆದರೂ ಪಾಠ ಮಾತ್ರ ಲೆ ಬ್ಲಾನ್ ಕಾಲದಲ್ಲೇ ಕೂತಿದೆ.

ಮುಂದಿನ ಭಾನುವಾರ ಅವಳನ್ನು ಬಣ್ಣ ಕೊಳ್ಳಲು ಅವೆನ್ಯೂ ರಸ್ತೆಗೆ ಕರೆದುಕೊಂಡು ಹೋದೆ. ಟ್ಯೂಬಿನ ಮುಂದಿನ ಚೆಂದದ ಹೆಸರು ಬಿಡಿ, ಲೇಬಲ್ಲಿನ ಸಣ್ಣ ಅಕ್ಷರದ ಕೋಡ್ ಓದಿ, ಒಳಗಿರುವ ಪುಡಿ ಯಾವುದು ಅಂತ ಹೇಳುವುದು ಅದೇ. ಎರಡು ಮೂರು ಕೋಡ್ ಇದ್ದರೆ ಅದು ಮೊದಲೇ ಕಲಸಿದ್ದು. ನೀವು ಬರುವಷ್ಟರಲ್ಲಿ ಎಲೆಗೆ ಮೂರು ಜನ ಕೂತಾಗಿದೆ. ನಾವು ತಂದದ್ದು ಆರು: ಪಿವೈ 3 ನಿಂಬೆ ಹಳದಿ, ಪಿಆರ್ 122 ಮಜೆಂಟಾ, ಸಯಾನ್ ಜಾಗಕ್ಕೆ ಪಿಬಿ 15:3 ಥ್ಯಾಲೋ ನೀಲಿ, ಪಿಬಿ 29 ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನ ಎಂಬ ಕೆಂಗಂದು, ಮತ್ತೆ ಪಿಡಬ್ಲ್ಯು 6 ಬಿಳಿ. ಬಿಳಿ ಮಾತ್ರ ದೊಡ್ಡ ಟ್ಯೂಬ್, ಅದೇ ಮೊದಲು ಮುಗಿಯುವುದು. ಥ್ಯಾಲೋ ಸಾಸಿವೆ ಕಾಳಿನಷ್ಟು ಸಾಕು, ಜಾಸ್ತಿಯಾದರೆ ತಟ್ಟೆಯೆಲ್ಲ ಅದರದ್ದೇ ದರ್ಬಾರು.

ಕಪ್ಪು ಬೇಕೇ ಬೇಕು ಅಂತಿಲ್ಲ. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನ ಕಲಸಿದರೆ ಮಳೆಗಾಲದ ಮೋಡದಂಥ ಕಪ್ಪು ಸಿಗುತ್ತದೆ. ಕೆಂಪು? ಮಜೆಂಟಾಗೆ ಹಳದಿ ಸೇರಿಸಿ, ಬಂತು. ಮೂಲ ಬಣ್ಣ ಅಂತ ಬಾಯಿಪಾಠ ಮಾಡಿದ್ದೇ ಇಲ್ಲಿ ಮಿಶ್ರಣ! ಕುಂಕುಮದಷ್ಟು ಧಗಧಗ ಅನ್ನುವ ಕೆಂಪೇ ಬೇಕಾದರೆ ಮಾತ್ರ ಇನ್ನೊಂದು ಟ್ಯೂಬ್ ಕೊಳ್ಳಿ.

ಆ ರಾತ್ರಿ ಅಲ್ಟ್ರಾಮರೀನ್, ಮಜೆಂಟಾ, ಬಿಳಿ ಕಲಸಿ ಅವಳು ಹೂವಿನ ಪಕ್ಕ ಹಿಡಿದಳು. ಸರಿಯಾಗಿ ಹೊಂದಿತು. ಬೆಳಗ್ಗೆ ನೋಡಿದರೆ ಅದೇ ಬಣ್ಣ ಒಂಚೂರು ಕಪ್ಪಿಟ್ಟಿತ್ತು. ಮತ್ತೆ ಮುಖ ಊದಿಸಿಕೊಂಡಳು. ಫೆವಿಕಾಲ್ ತಂದು ಕಾಗದಕ್ಕೆ ಸವರಿ ತೋರಿಸಿದೆ. ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗೆ, ಒಣಗಿದರೆ ಗಾಜಿನಂತೆ ಪಾರದರ್ಶಕ. ಅಕ್ರಿಲಿಕ್‌ನ ಅಂಟೂ ಹಾಗೇ. ಒಣಗಿದಾಗ ಆ ಹಾಲುಬಿಳುಪು ಹೋಗಿ ಬಣ್ಣ ಗಾಢವಾಗುತ್ತದೆ. ಈಗ ಅವಳು ಬೇಕೆಂದೇ ಒಂದು ಹನಿ ಬಿಳಿ ಜಾಸ್ತಿ ಹಾಕುತ್ತಾಳೆ. ಜಕರಂಡ ಮಾತ್ರ ಅಷ್ಟರಲ್ಲಿ ಉದುರಿ ಎದುರುಮನೆಯವರ ಕಾರಿನ ಮೇಲೆ ಬಿದ್ದಿತ್ತು.