ಕೊನೆ ಗದ್ದೆಗೆ ತಲುಪದ ಕರೆಂಟು

ಬ್ಯಾಟರಿ ಹತ್ತಿರ ಮಲ್ಟಿಮೀಟರ್ ಇಟ್ಟರೆ 12.4 ವೋಲ್ಟ್. ಅದೇ ವೈರಿನ ಇನ್ನೊಂದು ತುದಿಯಲ್ಲಿ, ಫ್ರಿಡ್ಜ್ ಓಡುತ್ತಿರುವಾಗ, 11.2. ನಡುವೆ ಇದ್ದದ್ದು ಐದು ಮೀಟರ್ ವೈರು, ಒಂದು ಸಾಕೆಟ್, ಅಷ್ಟೇ.

ಅಕ್ಕ ಮತ್ತು ಭಾವ ತಮ್ಮ ಹಳೆಯ ಟೆಂಪೋ ಟ್ರಾವೆಲರನ್ನು ಓಡಾಡುವ ಮನೆ ಮಾಡಿಕೊಂಡಿದ್ದಾರೆ. ಹಿಂದೆ ಮಂಚ, ಪಕ್ಕದಲ್ಲಿ ಪುಟ್ಟ ಅಡುಗೆ ಕಟ್ಟೆ, 12 ವೋಲ್ಟಿನ ಫ್ರಿಡ್ಜ್, ಎರಡು ಫ್ಯಾನ್. ಮೈಸೂರಿನಿಂದ ಹೊರಟ ಮೊದಲ ರಾತ್ರಿಯೇ, ಶ್ರೀರಂಗಪಟ್ಟಣದ ಹತ್ತಿರ, ಫ್ರಿಡ್ಜ್ ಆಫ್ ಆಯಿತು. ಬೆಳಿಗ್ಗೆ ಕಾಯಿಸಿದರೆ ಹಾಲು ಒಡೆಯಿತು. ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಅಂತ ಕೇಳಿದವರೆಲ್ಲ ಹೇಳಿದರು. ಬ್ಯಾಟರಿ ಹೋಗಿರಲಿಲ್ಲ. ಲೆಡ್ ಆಸಿಡ್ ಬ್ಯಾಟರಿ 12.4 ತೋರಿಸಿದರೆ ಅರ್ಧಕ್ಕಿಂತ ಜಾಸ್ತಿಯೇ ಚಾರ್ಜ್ ಇದೆ ಎಂದರ್ಥ. ಆದರೆ ಫ್ರಿಡ್ಜಿಗೆ ಗೊತ್ತಾಗುವುದು ತನ್ನ ತನಕ ಬಂದು ಮುಟ್ಟಿದ ವೋಲ್ಟ್ ಮಾತ್ರ. ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಅದು ಇನ್ನೂ ಕುಸಿಯುತ್ತದೆ. ಬ್ಯಾಟರಿ ಖಾಲಿಯಾಗುತ್ತಿದೆ, ಅದನ್ನು ಉಳಿಸಬೇಕು ಎಂದು ಫ್ರಿಡ್ಜ್ ತಾನೇ ನಿಂತುಬಿಡುತ್ತದೆ. ಅದನ್ನು ಹಾಗೆಯೇ ಮಾಡಿರುತ್ತಾರೆ.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಆರ್‌ಎಸ್ ತುಂಬಿರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರೂ ಬಿಟ್ಟಿರುತ್ತಾರೆ. ಆದರೂ ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ಗದ್ದೆಗೆ ನೀರು ಬಂದಿಲ್ಲ ಎಂಬ ಕೂಗು ಕೇಳುತ್ತಲೇ ಇರುತ್ತದೆ. ಕಟ್ಟೆಯಲ್ಲಿ ಎಷ್ಟಿದೆ ಅನ್ನೋದು ಒಂದು ಲೆಕ್ಕ, ಗದ್ದೆಗೆ ಎಷ್ಟು ಬಂತು ಅನ್ನೋದು ಇನ್ನೊಂದು ಲೆಕ್ಕ. ನಡುವೆ ನಾಲೆ ಇದೆ.

ನಮ್ಮ ನಾಲೆ, ಅಂದರೆ ವೈರು, 1 ಸ್ಕ್ವೇರ್ ಎಂಎಂ ದಪ್ಪದ್ದು. ಮನೆಯಲ್ಲಿ ಲೈಟ್ ಪಾಯಿಂಟಿಗೆ ಎಳೆಯುವಂಥದ್ದು. ಈ ದಪ್ಪದ ತಾಮ್ರದ ತಂತಿ ಮೀಟರಿಗೆ ಸುಮಾರು 0.017 ಓಮ್ ತಡೆ ಒಡ್ಡುತ್ತದೆ. ಹೋಗಿ ಬರಲು ಹತ್ತು ಮೀಟರ್, ಫ್ರಿಡ್ಜ್ ಎಳೆಯುವುದು 5 ಆಂಪಿಯರ್. ಗುಣಿಸಿದರೆ 0.85 ವೋಲ್ಟ್ ದಾರಿಯಲ್ಲೇ ಹೋಯಿತು. ಮಿಕ್ಕದ್ದನ್ನು ಸಡಿಲ ಸಾಕೆಟ್ ನುಂಗಿತ್ತು. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ತಿಳಿಯುವುದಿಲ್ಲ. 12ರಲ್ಲಿ ಒಂದು ಹೋದರೆ ಹನ್ನೆರಡರಲ್ಲಿ ಒಂದು ಪಾಲೇ ಹೋಯಿತಲ್ವಾ? ವೈರಿಂಗ್ ಮಾಡಿದವರು ಬೇಕೆಂದೇ ತೆಳು ವೈರು ಹಾಕಿರಲಿಲ್ಲ. ಮನೆಯ ಲೆಕ್ಕವನ್ನು ವ್ಯಾನಿಗೆ ಹಾಕಿದ್ದರು. ವ್ಯಾನುಗಳಲ್ಲಿ ನಾನು ಕಂಡ ತೊಂದರೆಗಳಲ್ಲಿ ಜಾಸ್ತಿ ಇದೇ.

ಈ ಲೆಕ್ಕವನ್ನು ಉಲ್ಟಾ ಬಳಸಿ ಗೆದ್ದ ಜಾಗವೂ ಮಂಡ್ಯ ಜಿಲ್ಲೆಯಲ್ಲೇ ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ಮಾಡಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. ಸುಮಾರು 147 ಕಿಲೋಮೀಟರ್ ದೂರ. ಆ ಕಾಲಕ್ಕೆ ಜಗತ್ತಿನಲ್ಲೇ ಬಹಳ ಉದ್ದದ ಲೈನುಗಳಲ್ಲಿ ಅದೂ ಒಂದು. ಅಷ್ಟು ದೂರ ತಲುಪಿಸಿದ್ದು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ. ಅಷ್ಟೇ ಪವರನ್ನು ಹತ್ತು ಪಟ್ಟು ವೋಲ್ಟಿನಲ್ಲಿ ಕಳಿಸಿದರೆ ಆಂಪಿಯರ್ ಹತ್ತನೇ ಒಂದಾಗುತ್ತದೆ. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಮಾತ್ರ ನೂರನೇ ಒಂದಕ್ಕೆ ಇಳಿಯುತ್ತದೆ. ಏಕೆಂದರೆ ನಷ್ಟ ಏರುವುದು ಆಂಪಿಯರಿನ ವರ್ಗಕ್ಕೆ ತಕ್ಕಂತೆ. ವ್ಯಾನಿನಲ್ಲಿ ನಾವು ನಿಂತಿರುವುದು ಇದೇ ಮೆಟ್ಟಿಲಿನ ತೀರಾ ಕೆಳಗೆ. ವೋಲ್ಟ್ ಕಡಿಮೆ, ಆದ್ದರಿಂದ ಆಂಪಿಯರ್ ಜಾಸ್ತಿ, ಆದ್ದರಿಂದ ತಂತಿ ದಪ್ಪ ಇರಲೇಬೇಕು.

ಅಕ್ಕನಿಗೆ ವ್ಯಾನಿನಲ್ಲಿ ಮಿಕ್ಸಿ ಬೇಕಿತ್ತು. ದೋಸೆ ಹಿಟ್ಟನ್ನು ಮನೆಯಿಂದ ತರುತ್ತಾರೆ, ಚಟ್ನಿ ಮಾತ್ರ ಆಗಿಂದಾಗಲೇ ಆಗಬೇಕು. ಮಿಕ್ಸಿ 500 ವಾಟ್. ಮೂರು ನಿಮಿಷ ಓಡಿದರೆ 25 ವಾಟ್-ಅವರ್. 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 1200 ವಾಟ್-ಅವರ್ ಇರುತ್ತದೆ. ಚಟ್ನಿ ತಿನ್ನುವುದು ಅದರಲ್ಲಿ ಶೇಕಡಾ ಎರಡರಷ್ಟು. ಬ್ಯಾಟರಿಗೆ ಇದು ಏನೂ ಅಲ್ಲ. ಆದರೆ ಆ ಮೂರು ನಿಮಿಷ ಮನೆಯಲ್ಲಾದರೆ 2 ಆಂಪಿಯರ್ ಚಿಲ್ಲರೆ ಸಾಕಾಗುವ ಮಿಕ್ಸಿಗೆ, 12 ವೋಲ್ಟನ್ನು 230 ಮಾಡುವ ಇನ್ವರ್ಟರ್, ತನ್ನ ನಷ್ಟವೂ ಸೇರಿ, ಬ್ಯಾಟರಿಯಿಂದ 46 ಆಂಪಿಯರ್ ಎಳೆಯುತ್ತದೆ. 1500 ವಾಟಿನ ಕೆಟಲ್ ಹಾಕಿದರೆ ಹತ್ತಿರ ಹತ್ತಿರ 140. ಎಷ್ಟು ಹೊತ್ತಿಗೆ ಸಾಕು ಎಂದು ಬ್ಯಾಟರಿಯನ್ನು ಕೇಳಬೇಕು. ಒಟ್ಟಿಗೆ ಎಷ್ಟು ತಡೆಯುತ್ತೀಯ ಎಂದು ವೈರನ್ನು ಕೇಳಬೇಕು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ.

ವೋಲ್ಟ್ ಕುಸಿದರೆ ಇನ್ವರ್ಟರ್ ಸುಮ್ನೆ ಕೂರುವುದಿಲ್ಲ, ಅದೇ ವಾಟ್ ಕೊಡಲು ಇನ್ನಷ್ಟು ಆಂಪಿಯರ್ ಎಳೆಯುತ್ತದೆ. ಲೋ ವೋಲ್ಟೇಜಿನಲ್ಲಿ ಪಂಪ್‌ಸೆಟ್ ಓಡಿಸಿ ಮೋಟಾರ್ ಸುಟ್ಟುಕೊಂಡ ರೈತರಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ಇದೇ ವ್ಯಾನಿನ ಒಂದು ಲಗ್ ಅನ್ನು ನಾನಿನ್ನೂ ಎತ್ತಿಟ್ಟುಕೊಂಡಿದ್ದೇನೆ. ವೈರಿನ ತುದಿಗೆ ಹಾಕಿ ಬ್ಯಾಟರಿಗೆ ಬೋಲ್ಟ್ ಮಾಡುವ ತಾಮ್ರದ ತುಂಡು ಅದು. ಇಕ್ಕಳದಲ್ಲಿ ಅಮುಕಿ ಕೂರಿಸಿದ್ದರು. ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಿತ್ತು. ಹತ್ತಿರ ಹೋದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಕೆಂಪು ಹೊದಿಕೆ ಕಂದಾಗಿ, ಹಪ್ಪಳದ ಹಾಗೆ ಗಡುಸಾಗಿತ್ತು. ಕೈಯಲ್ಲಿ ಎಳೆದೆ, ವೈರು ಕಳಚಿ ಬಂತು. ಅಷ್ಟೂ ಎಳೆಗಳಲ್ಲಿ ಲಗ್ ಕಚ್ಚಿ ಹಿಡಿದಿದ್ದದ್ದು ಏಳೆಂಟನ್ನು ಮಾತ್ರ. ಇಂಥ ಜಾಗದಲ್ಲಿ ಓಮಿನ ಸಾವಿರದ ಒಂದು ಪಾಲು ತಡೆ ಇದ್ದರೂ 140 ಆಂಪಿಯರಿಗೆ ಸುಮಾರು 20 ವಾಟ್ ಶಾಖ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ನನ್ನು ಮರದ ಪೆಟ್ಟಿಗೆಯೊಳಗೆ ಹಚ್ಚಿಟ್ಟ ಹಾಗೆ. ಬ್ಯಾಟರಿ ಇದ್ದದ್ದು ಮಂಚದಡಿಯ ಪೆಟ್ಟಿಗೆಯಲ್ಲಿ, ಅದರ ಮೇಲೆಯೇ ಅಕ್ಕ-ಭಾವ ಮಲಗುತ್ತಿದ್ದರು. ಅದನ್ನು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ಇನ್ವರ್ಟರಿಗೆ 35 ಸ್ಕ್ವೇರ್ ವೈರ್, ಒಂದು ಮೀಟರಿಗಿಂತ ಉದ್ದ ಬೇಡ ಎಂದು ಇನ್ವರ್ಟರನ್ನೇ ಬ್ಯಾಟರಿ ಪಕ್ಕಕ್ಕೆ ತಂದೆವು. ಲಗ್ಗುಗಳನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿದೆವು. ಫ್ರಿಡ್ಜಿಗೆ 6 ಸ್ಕ್ವೇರ್. ಫ್ಯೂಸ್ ಬ್ಯಾಟರಿಯ ಪ್ಲಸ್ಸಿಗೆ ತಾಗಿಕೊಂಡೇ ಇದೆ. ಫ್ಯೂಸ್ ಕಾಯುವುದು ಫ್ರಿಡ್ಜನ್ನಲ್ಲ, ವೈರನ್ನು. ಹಾಗಾಗಿ ಅದು ವೈರು ಶುರುವಾಗುವ ಕಡೆಯೇ ಇರಬೇಕು, ವೈರಿಗೆ ತಕ್ಕಂತೆಯೇ ಇರಬೇಕು. ಮನೆಯ ಎಂಸಿಬಿಯನ್ನು, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚನ್ನು, ತಂದು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಸ್ವಿಚ್ ಬಿಟ್ಟಾಗ ಹುಟ್ಟುವ ಕಿಡಿ ಅಲ್ಲೇ ಆರುತ್ತದೆ. ಬ್ಯಾಟರಿಯ ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಕಿಡಿ ಉರಿಯುತ್ತಲೇ ಇರಬಹುದು. ಡಿಸಿಗೆಂದೇ ಮಾಡಿದ್ದು ಬೇಕು.

ಇಷ್ಟೆಲ್ಲ ಆದ ಮೇಲೆ ಬ್ಯಾಟರಿಯನ್ನೂ ಬದಲಿಸಿದೆವು, ಲಿಥಿಯಂ ಐರನ್ ಫಾಸ್ಫೇಟಿಗೆ. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದು ಎಂದು 1997ರಲ್ಲಿ ತೋರಿಸಿದ್ದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮೂವರು: ಪಾಧಿ, ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ನಂಜನಗೂಡಿನ ಪಕ್ಕದಲ್ಲಿರುವ ನಮಗೆ ಆ ನಡುವಿನ ಹೆಸರು ಓದಿದಾಗ ಒಂಥರಾ ಖುಷಿ. ಗುಡ್‌ಇನಫ್ ಅವರಿಗೆ ಲಿಥಿಯಂ ಅಯಾನ್ ಬ್ಯಾಟರಿಗಾಗಿ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು. ಐರನ್ ಫಾಸ್ಫೇಟಿನಲ್ಲಿ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬಿಸಿಯಾದರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೇರೆ ಹಲವು ಲಿಥಿಯಂ ಬ್ಯಾಟರಿಗಳಿಗಿಂತ ಇದು ಬೆಂಕಿಗೆ ದೂರ ಇರುವುದು ಹೀಗೆ. 100 ಆಂಪಿಯರ್-ಅವರಿನದು ಹನ್ನೆರಡು ಕೆಜಿ ಆಸುಪಾಸು, ಒಬ್ಬರೇ ಎತ್ತಬಹುದು. ಲೆಡ್ ಆಸಿಡ್ ಬ್ಯಾಟರಿ ಬಾಳಬೇಕೆಂದರೆ ಅರ್ಧಕ್ಕೇ ನಿಲ್ಲಿಸಬೇಕು. ಇದರಲ್ಲಿ ಶೇಕಡಾ 80ರವರೆಗೂ ಧೈರ್ಯವಾಗಿ ಬಳಸಬಹುದು.

ಆದರೆ ಇದು ಕೊಡುವ ಕೈಯೂ ದೊಡ್ಡದು, ತಗೊಳ್ಳುವ ಕೈಯೂ ದೊಡ್ಡದು. ಶಾರ್ಟ್ ಆದರೆ ಸಾವಿರ ಆಂಪಿಯರ್ ದಾಟಿ ಹರಿಸಬಲ್ಲದು. ಎಂಜಿನ್ ಓಡುವಾಗ ಕರೆಂಟು ಮಾಡುವ ಆಲ್ಟರ್ನೇಟರಿಗೆ ನೇರ ಜೋಡಿಸಿದರೆ ಅದರಲ್ಲಿರುವಷ್ಟನ್ನೂ ಎಳೆದುಕೊಳ್ಳುತ್ತದೆ. ಟ್ರಾಫಿಕ್ಕಿನಲ್ಲಿ ಗಾಡಿ ನಿಂತಲ್ಲೇ ಗುರುಗುಟ್ಟುತ್ತಿದ್ದರೆ ಆಲ್ಟರ್ನೇಟರಿನ ಫ್ಯಾನ್ ನಿಧಾನ, ಶಾಖ ಜಾಸ್ತಿ. ನಡುವೆ 30 ಆಂಪಿಯರಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಇಟ್ಟಿದ್ದೇವೆ. ಚಾರ್ಜ್ ಎಷ್ಟಿದೆ ಎಂದು ವೋಲ್ಟ್ ನೋಡಿ ಹೇಳಲಿಕ್ಕೂ ಆಗುವುದಿಲ್ಲ. ಮುಕ್ಕಾಲು ಇದ್ದಾಗಲೂ ಅರ್ಧ ಇದ್ದಾಗಲೂ ಸುಮಾರು 13 ವೋಲ್ಟೇ. ಒಳಗೆ ಹೋದದ್ದು ಹೊರಗೆ ಬಂದದ್ದು ಎರಡನ್ನೂ ಎಣಿಸುವ ಮೀಟರ್ ಬೇಕು.

ಮೇಲೆ ಸೋಲಾರ್ ಪ್ಯಾನೆಲ್ ಇದೆ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರದಲ್ಲಿ. ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆದ್ದರಿಂದ ಪ್ಯಾನೆಲನ್ನು ವಾಲಿಸದೆ ಚಪ್ಪಟೆ ಮಲಗಿಸಿದರೂ ನಮಗೆ ನಡೆಯುತ್ತದೆ. ಅಡಿಯಲ್ಲಿ ಗಾಳಿಯಾಡಲು ಜಾಗ ಮಾತ್ರ ಬಿಡಬೇಕು, ಬಿಸಿ ಏರಿದಷ್ಟೂ ಪ್ಯಾನೆಲ್ ಕೊಡುವುದು ಕಡಿಮೆ.

ಫ್ರಿಡ್ಜಿನ ಬಳಿ ಈಗ ವೋಲ್ಟ್ ಕಳೆಯುವುದು 0.15ರ ಆಸುಪಾಸು. ಚಟ್ನಿ ಆದ ಮೇಲೆ ಅಕ್ಕ ಜಾರ್ ತೊಳೆಯಲು ಕೆಳಗಿಳಿಯುತ್ತಾರೆ. ಭಾವ ಇನ್ವರ್ಟರ್ ಆಫ್ ಮಾಡಿ, ಮಂಚದ ಹಲಗೆ ಎತ್ತಿ, ಲಗ್ಗುಗಳ ಹೊದಿಕೆಯ ಮೇಲೆ ಒಂದೊಂದಾಗಿ ಬೆರಳಿಡುತ್ತಾರೆ. ಯಾವುದಾದರೂ ಬೆಚ್ಚಗಿದ್ದರೆ ಸ್ಪ್ಯಾನರ್ ಹಿಡಿದು ಅಲ್ಲೇ ಕೂರುತ್ತಾರೆ.